ಓದುಗರ ಪ್ರಶ್ನೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಕಾನೂನು ನಮಗಿಲ್ವಾ?

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ. ಮಗ ಸೆಕೆಂಡ್ ಪಿಯುಸಿ. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಅವನ ಬಲಗೈ ಸಿಕ್ಕಿತ್ತು. ಈಗ ಹೆಬ್ಬೆರಳು, ತೋರುಬೆರಳು ಸರಿಯಾಗಿ ಮಡಚಲು ಬರುವುದಿಲ್ಲ. ಶೇ 30 ವೈಕಲ್ಯ ಅಂತ ಸರ್ಟಿಫಿಕೇಟ್ ಬಂದಿದೆ. ‘ನಲವತ್ತು ಆಗಿಲ್ಲ, ಏನೂ ಸಿಗಲ್ಲ’ ಅಂತಾರೆ ಎಲ್ಲರೂ. ನಿಜವಾ?

ಉತ್ತರ: ಏನೂ ಸಿಗಲ್ಲ ಅನ್ನೋದು ನಿಜ ಅಲ್ಲ ಅಮ್ಮ. ಕೆಲವು ಸಿಗುವುದಿಲ್ಲ, ಅಷ್ಟೇ.

ಈ ಮಾತು ಹಳೇ ಕಾನೂನಿನಿಂದ ಬಂದಿದ್ದು. 1995ರ ಕಾಯ್ದೆಯಲ್ಲಿ ಅಂಗವಿಕಲರು ಅಂತ ಅನ್ನಿಸಿಕೊಳ್ಳೋಕೇ ಶೇ 40 ಬೇಕಿತ್ತು. 39 ಇದ್ದವರು ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. 2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನು ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ 2016ರಲ್ಲಿ ಹೊಸ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಏಳು ಇದ್ದ ವೈಕಲ್ಯದ ಬಗೆಗಳು 21 ಆದವು. ಎಲ್ಲರೂ ಆ ಸಂಖ್ಯೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಬದಲಾವಣೆ ಬೇರೆ. ಅಂಗವಿಕಲರು ಯಾರು ಅಂತ ಹೇಳುವ ಸಾಲಿನಿಂದಲೇ ಪರ್ಸೆಂಟ್ ಹೊರಗೆ ಹೋಯಿತು. ದೀರ್ಘಕಾಲದ ತೊಂದರೆ ಇದೆಯಾ, ಸುತ್ತಲಿನ ಅಡೆತಡೆಗಳಿಂದ ಅವರು ಬೇರೆಯವರಂತೆ ಬದುಕಲು ಕಷ್ಟವಾಗುತ್ತಿದೆಯಾ ಅನ್ನೋದಷ್ಟೇ ಈಗ ನೋಡಬೇಕಾದ್ದು. ಶೇ 40 ಬೇಕಾಗೋದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ: ಸರ್ಕಾರಿ ಕೆಲಸದಲ್ಲಿ ಶೇ 4, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಉನ್ನತ ಶಿಕ್ಷಣದ ಸೀಟಿನಲ್ಲಿ ಶೇ 5. ಇವು ನಿಮ್ಮ ಮಗನಿಗೆ ಸಿಗುವುದಿಲ್ಲ.

ತಾರತಮ್ಯ ಮಾಡಬಾರದು, ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನೋ ಹಕ್ಕು ಅವನಿಗೂ ಇದೆ. ಸರ್ಕಾರಿ ನೌಕರಿಯಲ್ಲೂ ಹಾಗೇ. ಕೆಎಸ್‌ಆರ್‌ಟಿಸಿ ಚಾಲಕರೊಬ್ಬರ ಕಾಲಿಗೆ ಪೆಟ್ಟಾಗಿ ಬಸ್ ಓಡಿಸಲು ಆಗದಿದ್ದರೆ ಅವರನ್ನು ಮನೆಗೆ ಕಳಿಸುವಂತಿಲ್ಲ. ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಇದನ್ನು ಹೇಳುವ ಹೊಸ ಕಾಯ್ದೆಯ ಸೆಕ್ಷನ್‌ನಲ್ಲಿ 40ರ ಮಾತೇ ಇಲ್ಲ.

ನಿಮ್ಮ ಮಗನಿಗೆ ನೇರವಾಗಿ ಸಂಬಂಧಪಟ್ಟ ತೀರ್ಪೂ ಇದೆ. ವಿಕಾಸ್ ಕುಮಾರ್ ಎನ್ನುವವರಿಗೆ ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ತೊಂದರೆ. ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವ ಸಹಾಯಕರನ್ನು ಕೇಳಿದರು, ಕೊಡಲಿಲ್ಲ. ಸುಪ್ರೀಂ ಕೋರ್ಟ್‌ವರೆಗೆ ಹೋದರು. 2021ರ ಫೆಬ್ರುವರಿ 11ರಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸಹಾಯಕರನ್ನು ಕೊಡಲು ಶೇ 40ರ ಷರತ್ತು ಹಾಕುವಂತಿಲ್ಲ. ಇದನ್ನು ಅನುಸರಿಸಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಬರೆಯಲು ಕಷ್ಟ ಇರುವವರಿಗೆ ಶೇ 40 ಇಲ್ಲದಿದ್ದರೂ ಸಹಾಯಕರು ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪೇಪರ್‌ಗೆ ಇನ್ನೊಂದು ಗಂಟೆ! ಮೊದಲೆರಡು ಪುಟ ಚೆನ್ನಾಗಿ ಬರೆದು, ಆಮೇಲೆ ಪೆನ್ನು ಜಾರಿ, ಎಡಗೈಯಲ್ಲಿ ಬೆರಳು ಒತ್ತಿ ಹಿಡಿದು ಬರೆಯುವ ಹುಡುಗನಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಆದರೆ ಇದಕ್ಕೆ ಶೇ 30ರ ಸರ್ಟಿಫಿಕೇಟ್ ಒಂದೇ ಸಾಲದು. ‘ಬರೆಯಲು ತೊಂದರೆ ಇದೆ’ ಅಂತ ಸರ್ಕಾರಿ ಆಸ್ಪತ್ರೆಯಿಂದ ಬೇರೆ ಪ್ರಮಾಣಪತ್ರ ಬೇಕು. ಎಷ್ಟೋ ಮಕ್ಕಳ ಅರ್ಜಿ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ. ಈಗಲೇ ಪ್ರಾಂಶುಪಾಲರಿಗೆ ಲಿಖಿತವಾಗಿ ಅರ್ಜಿ ಕೊಟ್ಟು, ಪರೀಕ್ಷಾ ಮಂಡಳಿಗೆ ಕಳಿಸಲು ಹೇಳಿ. ಸುಮ್ನೆ ಬಾಯಿಮಾತಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡನ್ನೂ ಮಾಡಿಸಿ. 2024ರ ನಿಯಮದಲ್ಲಿ 40ಕ್ಕಿಂತ ಕಡಿಮೆ ಇರುವವರಿಗೆ ಅಂತಲೇ ಬಿಳಿ ಕಾರ್ಡ್ ಇದೆ. ‘40 ಇಲ್ಲದವರಿಗೆ ಕಾರ್ಡೇ ಇಲ್ಲ’ ಅಂದವರಿಗೆ ಇದನ್ನೇ ಹೇಳಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಸಹಾಯ ಮಾಡುತ್ತಾರೆ. ಶೇ 30 ಕಡಿಮೆಯಾಯಿತು ಅನಿಸಿದರೆ ಮೇಲ್ಮನವಿಗೂ ಕಾಯ್ದೆಯಲ್ಲಿ ಅವಕಾಶ ಇದೆ.

ಕಾಲೇಜಿನವರು ಒಪ್ಪದಿದ್ದರೆ ಮಡಿಕೇರಿಯಲ್ಲಿರುವ ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿಗೆ ತಿಳಿಸಿ. ಅಲ್ಲೂ ಆಗಲಿಲ್ಲ ಅಂದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅದಕ್ಕಾಗಿ ಕೂಲಿ ಬಿಟ್ಟು ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಜೊತೆಗೆ ಕಾಲೇಜಿಗೆ ಕೊಟ್ಟ ಅರ್ಜಿಯ ಪ್ರತಿ ಇಡಿ. ಅದರ ಮೇಲೆ ಕಾಲೇಜಿನ ಸೀಲು, ತಾರೀಕು ಇರಲಿ.