ಕಿಟಕಿಯ ಆ್ಯಂಟೆನಾ, ಗೋಡೆಯ ಕೇಬಲ್: ಅಮೆರಿಕದಲ್ಲಿ ಎಚ್‌ಡಿ ಪ್ರಸಾರ ಮನೆಗೆ ಬಂದ ಬಗೆ

ನ್ಯೂಜೆರ್ಸಿಯಲ್ಲಿ ನಾವಿದ್ದ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ಕೇಬಲ್ ಸಂಪರ್ಕ ತೆಗೆಸಿದ ವಾರದಲ್ಲೇ, ಊಟದ ತಟ್ಟೆಯಷ್ಟು ಅಗಲದ, ರಟ್ಟಿಗಿಂತ ತೆಳ್ಳಗಿನ ಒಂದು ಚಪ್ಪಟೆ ಆ್ಯಂಟೆನಾ ತಂದು ಅದರ ವೈರನ್ನು ಟಿ.ವಿ.ಯ ಬೆನ್ನಿಗೆ ತಿರುಗಿಸಿ ಬಿಗಿದೆವು. ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿದಾಗ ಸಿಕ್ಕ ಚಾನೆಲ್‌ಗಳು ಬೆರಳೆಣಿಕೆಯಷ್ಟು. ಅದನ್ನೇ ಮ್ಯಾನ್‌ಹಾಟನ್ ಕಡೆಗಿದ್ದ ಕಿಟಕಿಯ ಗಾಜಿಗೆ ಅಂಟಿಸಿ ಮತ್ತೆ ಸ್ಕ್ಯಾನ್ ಮಾಡಿದಾಗ ಪಟ್ಟಿ ಹಲವು ಪಟ್ಟು ಬೆಳೆಯಿತು. ಹಿಂದಿನ ವಾರ ದುಡ್ಡು ಕೊಟ್ಟು ನೋಡಿದ ಅದೇ ಚಾನೆಲ್ಲಿನ ಚಿತ್ರ ಈಗ ಪುಕ್ಕಟೆಯಾಗಿ, ಇನ್ನಷ್ಟು ನಿಚ್ಚಳವಾಗಿ ಕಾಣುತ್ತಿತ್ತು. ಒಂದೇ ಒಂದು ಚಾನೆಲ್ ಮಾತ್ರ, ಯಾರಾದರೂ ಕಿಟಕಿಯ ಮುಂದೆ ಹಾದುಹೋದರೆ ಸಾಕು, ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಈ ಎರಡಕ್ಕೂ ಕಾರಣ ಹುಡುಕುತ್ತ ಹೋದರೆ 1948ರಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಕೇಬಲ್ ಹುಟ್ಟಿದ್ದೇ ಆ್ಯಂಟೆನಾದ ಹೊಟ್ಟೆಯಿಂದ. ಪೆನ್ಸಿಲ್ವೇನಿಯಾದ ಮಹನೊಯ್ ಸಿಟಿ, ಒರೆಗಾನ್‌ನ ಅಸ್ಟೋರಿಯಾ ಮುಂತಾದ ಗುಡ್ಡಗಾಡಿನ ಊರುಗಳಿಗೆ ದೂರದ ನಗರಗಳ ಪ್ರಸಾರ ನೇರವಾಗಿ ತಲುಪುತ್ತಿರಲಿಲ್ಲ. ಅಲ್ಲಿ 1948ರ ಸುಮಾರಿಗೆ ಕೆಲವರು ಎತ್ತರದ ಜಾಗದಲ್ಲಿ ದೊಡ್ಡ ಆ್ಯಂಟೆನಾ ನಿಲ್ಲಿಸಿ, ಅದರ ಸಿಗ್ನಲನ್ನು ತಂತಿಯ ಮೂಲಕ ಮನೆಮನೆಗೆ ಹಂಚಿದರು. ಅದರ ಹೆಸರೇ ಸಮುದಾಯ ಆ್ಯಂಟೆನಾ ಟೆಲಿವಿಷನ್ ಎಂದಿತ್ತು. ಹೀಗೆ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ಪ್ರಶ್ನೆ 1968ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪಶ್ಚಿಮ ವರ್ಜೀನಿಯಾದ ಎರಡು ಊರುಗಳ ಇಂಥ ವ್ಯವಸ್ಥೆಗೆ ಸಂಬಂಧಿಸಿದ ಆ ಪ್ರಕರಣದಲ್ಲಿ, ತಂತಿಯವನು ವೀಕ್ಷಕನ ಆ್ಯಂಟೆನಾಕ್ಕೆ ಬಲ ಕೊಡುತ್ತಾನಷ್ಟೇ ಹೊರತು ತಾನೇ ಪ್ರಸಾರಕನಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಸಂಸತ್ತು 1976ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆ ನಿಲುವನ್ನು ಬದಲಿಸಿ ಕೇಬಲಿನವರನ್ನು ಪರವಾನಗಿಯ ಕಟ್ಟಿಗೆ ತಂದಿತು. ಅಷ್ಟರಲ್ಲಿ ಎಚ್‌ಬಿಒ 1975ರಲ್ಲಿ ಉಪಗ್ರಹಕ್ಕೆ ಏರಿಯಾಗಿತ್ತು; ಕೇಬಲ್ ತನ್ನದೇ ಚಾನೆಲ್‌ಗಳುಳ್ಳ ಉದ್ಯಮವಾಗಿ ಬೆಳೆಯತೊಡಗಿತು.

ಇಂದಿನ ಕೇಬಲ್ ಬಿಲ್ಲಿನ ಬೇರು 1992ರ ಕೇಬಲ್ ಕಾಯ್ದೆಯಲ್ಲಿದೆ. ಸ್ಥಳೀಯ ಪ್ರಸಾರ ಕೇಂದ್ರವು ತನ್ನ ಚಾನೆಲನ್ನು ಕಡ್ಡಾಯವಾಗಿ ಕೊಂಡೊಯ್ಯಿರೆಂದು ಕೇಬಲ್ ಸಂಸ್ಥೆಯನ್ನು ಕೇಳಬಹುದು, ಇಲ್ಲವೇ ಅನುಮತಿಗೆ ಬೆಲೆ ಕಟ್ಟಿ ಚೌಕಾಸಿ ಮಾಡಬಹುದು ಎಂಬ ಆಯ್ಕೆಯನ್ನು ಆ ಕಾಯ್ದೆ ಕೊಟ್ಟಿತು. ಗಾಳಿಯಲ್ಲಿ ಪುಕ್ಕಟೆಯಾಗಿ ಬರುವ ಅದೇ ಚಿತ್ರಕ್ಕೆ ತಂತಿಯಲ್ಲಿ ಬೆಲೆ ಬಂದದ್ದು ಹೀಗೆ. ಅನೇಕ ಕೇಬಲ್ ಬಿಲ್ಲುಗಳಲ್ಲಿ ಇಂದು ಪ್ರಸಾರ ಟಿ.ವಿ. ಶುಲ್ಕವೆಂಬ ಪ್ರತ್ಯೇಕ ಸಾಲೇ ಇರುತ್ತದೆ. ಚೌಕಾಸಿ ಮುರಿದಾಗ ಚಾನೆಲ್ಲೇ ಮಾಯವಾಗುತ್ತದೆ: 2013ರ ಆಗಸ್ಟಿನಲ್ಲಿ ಸಿಬಿಎಸ್ ಎಂಬ ಪ್ರಸಾರ ಜಾಲ ಮತ್ತು ಟೈಮ್ ವಾರ್ನರ್ ಕೇಬಲ್ ನಡುವಿನ ವ್ಯಾಜ್ಯದಿಂದ ನ್ಯೂಯಾರ್ಕ್, ಲಾಸ್ ಏಂಜಲೀಸ್ ಮತ್ತು ಡಲಾಸ್‌ನ ಆ ಕೇಬಲ್ಲಿನ ಗ್ರಾಹಕರಿಗೆ ಸುಮಾರು ಒಂದು ತಿಂಗಳು ಸಿಬಿಎಸ್ ನೋಡಲಾಗಲಿಲ್ಲ. ಆ ತಿಂಗಳೂ ಆ್ಯಂಟೆನಾ ಇದ್ದವರ ಮನೆಯಲ್ಲಿ ಚಾನೆಲ್ ಎಂದಿನಂತೆ ಬರುತ್ತಿತ್ತು.

ಎಚ್‌ಡಿಯ ಕಥೆ ಶುರುವಾಗುವುದು ಜಪಾನಿನಿಂದ. ಎನ್‌ಎಚ್‌ಕೆ ಸಂಸ್ಥೆ ರೂಪಿಸಿದ್ದ ಅನಲಾಗ್ ಹೈ-ವಿಷನ್ ವ್ಯವಸ್ಥೆ ಅಮೆರಿಕದ ಪ್ರಸಾರಕರನ್ನೂ ತಯಾರಕರನ್ನೂ ಬೆಚ್ಚಿಸಿತು. ಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ 1987ರಲ್ಲಿ ರಿಚರ್ಡ್ ವೈಲಿ ಅವರ ಅಧ್ಯಕ್ಷತೆಯಲ್ಲಿ ಎಚ್‌ಡಿ ಮಾನದಂಡವೊಂದನ್ನು ಆರಿಸಲು ಸಲಹಾ ಸಮಿತಿ ನೇಮಿಸಿತು. 1990ರಲ್ಲಿ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿ ಪೂರ್ಣ ಡಿಜಿಟಲ್ ವ್ಯವಸ್ಥೆಯೊಂದನ್ನು ಮುಂದಿಟ್ಟಾಗ ಪಂದ್ಯದ ದಿಕ್ಕೇ ಬದಲಾಯಿತು. ಸ್ಪರ್ಧಿಗಳು 1993ರಲ್ಲಿ ಒಂದಾಗಿ ಕಟ್ಟಿದ ಕೂಟದಿಂದ ಬಂದ ಎಟಿಎಸ್‌ಸಿ ಮಾನದಂಡವನ್ನು ಎಫ್‌ಸಿಸಿ 1996ರ ಡಿಸೆಂಬರಿನಲ್ಲಿ ಒಪ್ಪಿತು. ಹಳೆಯ ಒಂದು ಚಾನೆಲ್ಲಿನಷ್ಟೇ, ಅಂದರೆ 6 ಮೆಗಾಹರ್ಟ್ಸ್ ಅಗಲದ ಜಾಗದಲ್ಲಿ ಸೆಕೆಂಡಿಗೆ ಸುಮಾರು 19.4 ಮೆಗಾಬಿಟ್ ಮಾಹಿತಿಯನ್ನು ತುಂಬಿ ಕಳಿಸುವ ವ್ಯವಸ್ಥೆಯದು.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿಯಿರುವುದು ಇಲ್ಲಿಯೇ. ಯಾವ ಕೇಂದ್ರದ ಪ್ರಸಾರ ಎಲ್ಲಿಯವರೆಗೆ ತಲುಪುತ್ತದೆ ಎಂದು ಲೆಕ್ಕ ಹಾಕುವಾಗ ಎಫ್‌ಸಿಸಿ ಊಹಿಸಿಕೊಂಡ ವೀಕ್ಷಕನ ಮನೆಯಲ್ಲಿ ಆ್ಯಂಟೆನಾ ಹೊರಗಡೆ, ನೆಲದಿಂದ 30 ಅಡಿ ಎತ್ತರದಲ್ಲಿ, ಗೋಪುರದತ್ತ ನೇರವಾಗಿ ಮುಖ ಮಾಡಿರುತ್ತದೆ. ಬಾಡಿಗೆ ಮನೆಯೊಳಗೆ, ಇಟ್ಟಿಗೆ ಗೋಡೆಯ ಹಿಂದೆ, ಕಿಟಕಿಗೆ ಹಾಳೆ ಅಂಟಿಸಿಕೊಂಡವನು ಆ ನಕ್ಷೆಯಲ್ಲಿ ಲೆಕ್ಕಕ್ಕೇ ಇಲ್ಲ. ನಗರದೊಳಗೆ ತರಂಗಗಳು ಕಟ್ಟಡಗಳಿಗೆ ಬಡಿದು ಹಲವು ದಾರಿಗಳಲ್ಲಿ ತುಸು ಹಿಂದೆ ಮುಂದೆ ಬಂದು ಸೇರುತ್ತವೆ. ಅನಲಾಗ್ ಕಾಲದಲ್ಲಿ ಅದರಿಂದ ತೆರೆಯ ಮೇಲೆ ನೆರಳುಚಿತ್ರ ಮೂಡುತ್ತಿತ್ತು, ಚಿತ್ರ ಮಸುಕಾದರೂ ನೋಡುವಂತಿರುತ್ತಿತ್ತು. ಡಿಜಿಟಲ್ ಸಿಗ್ನಲ್ ಹಾಗಲ್ಲ. ಒಂದು ಮಟ್ಟದವರೆಗೆ ಅಚ್ಚುಕಟ್ಟಾಗಿದ್ದು, ಅದರ ಕೆಳಗಿಳಿದೊಡನೆ ಪೂರ್ತಿ ಕಣ್ಮರೆಯಾಗುತ್ತದೆ. ಆರಂಭದ ಡಿಜಿಟಲ್ ಟ್ಯೂನರುಗಳಿಗೆ ಈ ಪ್ರತಿಫಲನಗಳನ್ನು ಬಿಡಿಸಿಕೊಳ್ಳುವ ಶಕ್ತಿ ಕಡಿಮೆಯಿತ್ತು. ಸಿಂಕ್ಲೇರ್ ಎಂಬ ಪ್ರಸಾರ ಸಂಸ್ಥೆ 1999ರಲ್ಲಿ ಬಾಲ್ಟಿಮೋರಿನಲ್ಲಿ ಸಾಧಾರಣ ಒಳಾಂಗಣ ಆ್ಯಂಟೆನಾಗಳನ್ನಿಟ್ಟು ಇದನ್ನು ತೋರಿಸಿಕೊಟ್ಟು, ಯೂರೋಪಿನಲ್ಲಿ ಬಳಕೆಗೆ ಬಂದಿದ್ದ, ಮಾಹಿತಿಯನ್ನು ಸಾವಿರಾರು ಕಿರು ತರಂಗಗಳಲ್ಲಿ ಹಂಚಿ ಕಳಿಸುವ ಸಿಒಎಫ್‌ಡಿಎಂ ವಿಧಾನಕ್ಕೂ ಅವಕಾಶ ಕೊಡಿ ಎಂದು ಕೇಳಿತು. ಎಫ್‌ಸಿಸಿ 2000ದಲ್ಲಿ ಆ ಮನವಿಯನ್ನು ತಳ್ಳಿಹಾಕಿತು. ಮುಂದೆ ಟ್ಯೂನರ್ ಚಿಪ್‌ಗಳು ಬಹಳ ಸುಧಾರಿಸಿದವು ಎಂಬುದು ನಿಜ. ಆದರೂ ಮನೆಯೊಳಗಿನ ವೀಕ್ಷಕನ ಹೆಸರಿನಲ್ಲಿ ನಡೆದ ಆ ವಾದಕ್ಕೆ ಇನ್ನೂ ಹೆಚ್ಚಿನ ಗಮನ ಸಿಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಅನಲಾಗ್ ಪ್ರಸಾರವನ್ನು ನಿಲ್ಲಿಸುವ ದಿನ 2009ರ ಫೆಬ್ರುವರಿ 17 ಎಂದು ನಿಗದಿಯಾಗಿತ್ತು. ಹಳೆಯ ಟಿ.ವಿ.ಗಳಿಗೆ ಬೇಕಾದ ಪರಿವರ್ತಕ ಪೆಟ್ಟಿಗೆಗಾಗಿ ಸರ್ಕಾರ ಪ್ರತಿ ಮನೆಗೆ 40 ಡಾಲರಿನ ಎರಡು ಕೂಪನ್‌ಗಳವರೆಗೆ ಕೊಡುತ್ತಿತ್ತು. ಅದಕ್ಕಿಟ್ಟ ಹಣ ಸಾಲದೆ ಕಾಯುವವರ ಪಟ್ಟಿ ಬೆಳೆದಾಗ ಸಂಸತ್ತು ಗಡುವನ್ನು ಜೂನ್ 12ಕ್ಕೆ ಮುಂದೂಡಿತು. ಆ ದಿನ ಅನೇಕ ಕೇಂದ್ರಗಳು ಡಿಜಿಟಲ್‌ಗೆಂದು ಸಿಕ್ಕಿದ್ದ ತಾತ್ಕಾಲಿಕ ಯುಎಚ್‌ಎಫ್ (ಹೆಚ್ಚು ಕಂಪನಾಂಕದ) ಜಾಗ ಬಿಟ್ಟು ತಮ್ಮ ಹಳೆಯ ವಿಎಚ್‌ಎಫ್ (ಕಡಿಮೆ ಕಂಪನಾಂಕದ) ಜಾಗಕ್ಕೆ ಮರಳಿದವು. ನ್ಯೂಯಾರ್ಕಿನ ಡಬ್ಲ್ಯುಎಬಿಸಿ 7ಕ್ಕೆ, ಡಬ್ಲ್ಯುಪಿಐಎಕ್ಸ್ 11ಕ್ಕೆ ಹಿಂದಿರುಗಿದವು. ಏಳನೆಯ ಚಾನೆಲ್ಲಿನ ತರಂಗ ಒಂದೂಮುಕ್ಕಾಲು ಮೀಟರಿನಷ್ಟು ಉದ್ದ; ಯುಎಚ್‌ಎಫ್ ತರಂಗ ಅರ್ಧ ಮೀಟರಿನ ಆಸುಪಾಸು. ತಟ್ಟೆಯಷ್ಟಗಲದ ಹಾಳೆ ಎರಡನೆಯದನ್ನು ಸುಲಭವಾಗಿ ಹಿಡಿಯುತ್ತದೆ, ಮೊದಲನೆಯದಕ್ಕೆ ಅದು ತೀರ ಚಿಕ್ಕದು. ಹಳೆಯ ಕಾಲದ ಎರಡು ಕಡ್ಡಿಯ, ಎಳೆದು ಉದ್ದ ಮಾಡುವ ಆ್ಯಂಟೆನಾ ಈ ಕೆಲಸಕ್ಕೆ ಇಂದಿಗೂ ಹೆಚ್ಚು ಯೋಗ್ಯ. ಶಿಕಾಗೋದ ಡಬ್ಲ್ಯುಎಲ್‌ಎಸ್ ಏಳರಲ್ಲಿ ಪ್ರಸಾರ ಆರಂಭಿಸಿದೊಡನೆ ವೀಕ್ಷಕರ ತೊಂದರೆ ಹೆಚ್ಚಾಗಿ ಕೊನೆಗೆ ಯುಎಚ್‌ಎಫ್‌ಗೇ ಹೋಗಬೇಕಾಯಿತು.

ಚಿತ್ರದ ಗುಣಮಟ್ಟದ ಪ್ರಶ್ನೆಗೆ ಬಂದರೆ, ಆ್ಯಂಟೆನಾಕ್ಕೆ ಬರುವುದು ಕೇಂದ್ರದ ಗೋಪುರದಿಂದ ಹೊರಟ ಸಿಗ್ನಲ್ಲೇ. ಕೇಬಲ್ ಸಂಸ್ಥೆ ಅದನ್ನೇ ಪಡೆದು, ಎಷ್ಟೋ ಕಡೆ ಇನ್ನಷ್ಟು ಒತ್ತಿ ಕಿರಿದಾಗಿಸಿ, ಒಂದೇ 6 ಮೆಗಾಹರ್ಟ್ಸ್ ಜಾಗದಲ್ಲಿ ಎರಡು ಮೂರು ಎಚ್‌ಡಿ ಚಾನೆಲ್‌ಗಳನ್ನು ಕಳಿಸುತ್ತದೆ. ಫುಟ್ಬಾಲ್ ಪಂದ್ಯದ ಹುಲ್ಲುಹಾಸಿನಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಈಚೆಗೆ ಪ್ರಸಾರ ಕೇಂದ್ರಗಳೂ ಮುಖ್ಯ ಚಾನೆಲ್ಲಿನ ಜೊತೆ ಹಲವು ಉಪಚಾನೆಲ್‌ಗಳನ್ನು ತುರುಕುತ್ತಿರುವುದರಿಂದ ಆ ಮೇಲುಗೈ ಎಲ್ಲ ಕಡೆ ಉಳಿದಿಲ್ಲ.

ಬ್ರೂಕ್ಲಿನ್ನಿನ ಕಟ್ಟಡವೊಂದರಲ್ಲಿ ನಾಣ್ಯದಷ್ಟು ಚಿಕ್ಕ ಸಾವಿರಾರು ಆ್ಯಂಟೆನಾಗಳನ್ನಿಟ್ಟು, ಒಬ್ಬೊಬ್ಬ ಚಂದಾದಾರನಿಗೆ ಒಂದೊಂದನ್ನು ಬಿಟ್ಟುಕೊಟ್ಟು ಇಂಟರ್‌ನೆಟ್ ಮೂಲಕ ಚಿತ್ರ ಕಳಿಸಿದ ಏರಿಯೊ ಕಂಪನಿ, 1968ರ ಪ್ರಶ್ನೆಯನ್ನೇ ಮತ್ತೆ ಎತ್ತಿತು. ಇದು ವೀಕ್ಷಕನ ಆ್ಯಂಟೆನಾವಲ್ಲ, ಕೇಬಲ್ಲಿನಂಥದೇ ಸೇವೆ ಎಂದು 2014ರ ಜೂನ್ 25ರಂದು ಸುಪ್ರೀಂ ಕೋರ್ಟು 6–3ರ ಬಹುಮತದಿಂದ ತೀರ್ಪಿತ್ತಿತು. ಪರರ ಆ್ಯಂಟೆನಾವನ್ನು ಬಾಡಿಗೆಗೆ ಪಡೆಯುವ ಆ ದಾರಿ ಅಲ್ಲಿಗೆ ಮುಚ್ಚಿತು.

ಮರುವರ್ಷಗಳಲ್ಲಿ ತರಂಗಾಂತರವೇ ಕಿರಿದಾಯಿತು. 2017ರಲ್ಲಿ ಮುಗಿದ ಹರಾಜಿನಲ್ಲಿ ಟಿ.ವಿ.ಯ 84 ಮೆಗಾಹರ್ಟ್ಸ್ ಭಾಗ ಮೊಬೈಲ್ ಮೊದಲಾದ ನಿಸ್ತಂತು ಸೇವೆಗಳಿಗೆ ಹೋಯಿತು, 987 ಕೇಂದ್ರಗಳು 2020ರ ಜುಲೈ ಹೊತ್ತಿಗೆ ಹೊಸ ಜಾಗಕ್ಕೆ ಸರಿದವು. ತೆರೆಯ ಮೇಲೆ ಕಾಣುವ ಸಂಖ್ಯೆ ಮೊದಲಿನದೇ ಆದ್ದರಿಂದ, ಚಾನೆಲ್ ಕಳೆದುಹೋದವರಲ್ಲಿ ಅನೇಕರಿಗೆ ಮತ್ತೆ ಸ್ಕ್ಯಾನ್ ಮಾಡಿದರೆ ಸಾಕೆಂದು ತಿಳಿಯಲೇ ಇಲ್ಲ.

ನಮ್ಮ ಊರಿನ ನೆನಪೂ ಇಲ್ಲಿ ಅಪ್ರಸ್ತುತವಲ್ಲ. ಬೆಂಗಳೂರಿನಲ್ಲಿ 1981ರಲ್ಲಿ ದೂರದರ್ಶನ ಬಂದ ಮೇಲೆ ಹೆಂಚಿನ ಮನೆಗಳ ಮೇಲೂ ಕಬ್ಬಿಣದ ಕೊಳವೆ, ಅದರ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳು ಎದ್ದವು. ಆದರೆ ಎಚ್‌ಡಿ ಕಾಲಕ್ಕೆ ನಾವು ಕೇಬಲ್ಲಿಗೂ ಡಿಟಿಎಚ್ ತಟ್ಟೆಗೂ ಹೊರಳಿಯಾಗಿತ್ತು. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ದೂರದರ್ಶನ ಆರಂಭಿಸಿದ ಭೂಮಾರ್ಗದ ಡಿಜಿಟಲ್ ಪ್ರಸಾರ, ಸಿಂಕ್ಲೇರ್ ಅಂದು ಕೇಳಿದ ವಿಧಾನದ ಕುಲಕ್ಕೇ ಸೇರಿದ್ದು.

ಅಮೆರಿಕವೂ ಕೊನೆಗೆ ಅದೇ ಕುಲದ ವಿಧಾನಕ್ಕೆ ಬಂದಿದೆ. 2017ರ ನವೆಂಬರಿನಲ್ಲಿ ಎಫ್‌ಸಿಸಿ ಸ್ವಯಂಪ್ರೇರಿತ ಬಳಕೆಗೆ ಅನುಮತಿಸಿದ ಎಟಿಎಸ್‌ಸಿ 3.0 ಮಾನದಂಡ ಕಟ್ಟಡಗಳ ಪ್ರತಿಫಲನವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಮನೆಯೊಳಗಿನ ಆ್ಯಂಟೆನಾಕ್ಕೆ ಅದು ಅನುಕೂಲವೇ. ಆದರೆ ಅದನ್ನು ನೋಡಲು ಹೊಸ ಟ್ಯೂನರ್ ಬೇಕು. ಜೊತೆಗೆ ಹಲವು ಕೇಂದ್ರಗಳು ಈ ಹೊಸ ಸಿಗ್ನಲ್ಲಿಗೆ ಗೂಢಲಿಪಿಯ ಬೀಗ ಹಾಕತೊಡಗಿವೆ. ಆ ಬೀಗ ತೆರೆಯಲು ಪ್ರಮಾಣಪತ್ರ ಪಡೆಯದ ಪೆಟ್ಟಿಗೆಗಳಲ್ಲಿ, ಸಿಗ್ನಲ್ ಪೂರ್ಣ ಬಲದಿಂದ ಬಂದರೂ, ಆ ಚಾನೆಲ್‌ಗಳ ಚಿತ್ರ ಮೂಡುವುದಿಲ್ಲ.