ರಸ್ತೆ ಅಗಲವಾದರೆ ಊರು ಹೊಸದಾಯಿತೇ?

ಹಾಸನದಲ್ಲಿ ‘ನಗರ ನವೀಕರಣ’ ಎಂದರೆ ಜನರ ಕಣ್ಣಿಗೆ ಬರುವುದು ಗೋಡೆಯ ಮೇಲೊಂದು ಕೆಂಪು ಗುರುತು, ಅದರ ಹಿಂದೆಯೇ ಜೆಸಿಬಿ. ಈ ಅರ್ಥ ಹುಟ್ಟಿದ್ದು ಇಲ್ಲಲ್ಲ. ಅಮೆರಿಕದ 1949ರ ವಸತಿ ಕಾಯ್ದೆ ಕೊಳೆಗೇರಿ ಕೆಡವಲು ನಗರಗಳಿಗೆ ದುಡ್ಡು ಕೊಟ್ಟಿತು; 1954ರ ಕಾಯ್ದೆ ಅದಕ್ಕೆ ‘ಅರ್ಬನ್ ರಿನ್ಯೂವಲ್’ ಎಂದು ಹೆಸರಿಟ್ಟಿತು. ಕೆಡವಿದ್ದು ಬೇಗ, ಕಟ್ಟಿದ್ದು ನಿಧಾನ.

ನಮ್ಮಲ್ಲಿ ಊರು ಬದಲಿಸಿದ್ದು ಪ್ಲೇಗು. 1898ರಲ್ಲಿ ಅದು ಬೆಂಗಳೂರಿಗೆ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳಿಗೆ ಜನ ಹೋದರು. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಬೇರೆ ದಾರಿ ಹೇಳಿದರು: ಓಣಿಯನ್ನೇ ಅಳಿಸಬೇಡಿ, ಕುಸಿಯುವ ನಾಲ್ಕಾರು ಮನೆ ತೆಗೆದು ಗಾಳಿಯಾಡಲು ಬಿಡಿ. ಅಗ್ಗದ ಉಪಾಯ, ಅದಕ್ಕೇ ಏನೋ, ಟೆಂಡರುಗಳಲ್ಲಿ ಕಾಣುವುದಿಲ್ಲ.

ಕೇಂದ್ರ ಸರ್ಕಾರದ 2005ರ ನಗರ ನವೀಕರಣ ಯೋಜನೆ ‘ನರ್ಮ್’ನ ದೊಡ್ಡ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು, ಮೈಸೂರು ಮಾತ್ರ. ಅದರ ಜಾಗಕ್ಕೆ ಬಂದ 2015ರ ಅಮೃತ್ ಯೋಜನೆಯ 500 ನಗರಗಳಲ್ಲಿ ಹಾಸನ, ಚಿಕ್ಕಮಗಳೂರು ಸೇರಿದವು. ಅದರ ಒತ್ತು ನೀರು, ಒಳಚರಂಡಿ, ಮಳೆನೀರು ಚರಂಡಿಯ ಮೇಲೆ. ಅಸಲಿ ನವೀಕರಣ ಇರುವುದೂ ಅಲ್ಲೇ, ನೆಲದಡಿಯಲ್ಲಿ.

ಕೆಲಸದ ಸರದಿ ಹೀಗಿರಬೇಕು: ಮೊದಲು ಆಳದ ಯುಜಿಡಿ (ಒಳಚರಂಡಿ), ಆಮೇಲೆ ನೀರಿನ ಪೈಪು, ಕೇಬಲ್, ಕೊನೆಗೆ ಡಾಂಬರು. ನೀರಿನ ಪೈಪಿಗೂ ಯುಜಿಡಿಗೂ 3 ಮೀಟರ್ ಅಂತರ ಬೇಕು; ಒಂದನ್ನೊಂದು ದಾಟುವಲ್ಲಿ ನೀರಿನ ಪೈಪು ಅರ್ಧ ಮೀಟರ್ ಮೇಲಿರಬೇಕು. ಇಕ್ಕಟ್ಟಿನ ಬೀದಿಯಲ್ಲಿ ಇದನ್ನು ಬಿಟ್ಟರೆ ಏನಾಗುತ್ತದೆ? ನೀರು ಬಿಡದ ದಿನ ಪೈಪಿನಲ್ಲಿ ಒತ್ತಡವಿರುವುದಿಲ್ಲ. ಸೋರುವ ಜಾಯಿಂಟಿನಿಂದ ಕೊಳಚೆ ಒಳಗೆ ನುಗ್ಗುತ್ತದೆ. ಅಗೆದ ಗುಂಡಿಗೆ 15–20 ಸೆಂ.ಮೀ. ಪದರದಂತೆ ಮಣ್ಣು ತುಂಬಿ ದಮ್ಮಸು ಹೊಡೆಯದಿದ್ದರೆ ಮೊದಲ ಮುಂಗಾರಿಗೇ ರಸ್ತೆ ಕೂರುತ್ತದೆ. ಹಳೆಯ ಡಾಂಬರು ಕೆರೆಯದೆ ಪ್ರತಿ ಸಲ 4 ಸೆಂ.ಮೀ. ಏರಿಸಿದರೆ ಐದನೇ ಸಲಕ್ಕೆ ರಸ್ತೆ 20 ಸೆಂ.ಮೀ. ಎತ್ತರವಾಗಿ, ಮಳೆನೀರು ಅಂಗಡಿಯ ಹೊಸ್ತಿಲು ದಾಟುತ್ತದೆ. ತಾರಸಿಯ ನೀರನ್ನು ಯುಜಿಡಿಗೆ ಬಿಡುವ ಮನೆಗಳದ್ದು ಇನ್ನೊಂದು ಕಾಟ: ಜುಲೈಯಲ್ಲಿ ಮ್ಯಾನ್‌ಹೋಲ್ ಉಕ್ಕುವುದು ಹೆಚ್ಚಾಗಿ ಅದರಿಂದಲೇ.

ಇನ್ನು ತಳ್ಳುಗಾಡಿಯವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಎತ್ತಂಗಡಿಗೆ 30 ದಿನ ಮೊದಲೇ ನೋಟಿಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. ಕಟ್ಟಿನಕೆರೆ ಮಾರುಕಟ್ಟೆಯಂಥ ಕಡೆ ಅಗಲೀಕರಣದ ನಕ್ಷೆಯಲ್ಲೇ ಗಾಡಿಗೆ ಜಾಗ ಗುರುತಿಸದಿದ್ದರೆ, ಎದ್ದು ಹೋದವರು ವಾರದೊಳಗೆ ಅಲ್ಲೇ ಬಂದು ನಿಲ್ಲುತ್ತಾರೆ. ಸೊಪ್ಪು ಕೊಳ್ಳುವವರು ಬರುವುದು ಅಲ್ಲಿಗೇ ತಾನೆ.