ಬಿಪಿ ಏರುವುದು ಉಪ್ಪಿನಿಂದ ಮಾತ್ರವೇ?

ನಮ್ಮ ಕಾಸರಗೋಡಿನ ಕಡೆ ಬಿಪಿ ಮತ್ತು ಟೆನ್ಶನ್ ಹೆಚ್ಚುಕಡಿಮೆ ಒಂದೇ ಮಾತು. ಬದಿಯಡ್ಕ ಪೇಟೆಯಲ್ಲಿ ‘ಎಂತ, ಬಿಪಿಯಾ?’ ಎಂದು ಕೇಳಿದರೆ ‘ಹೌದು ಮಾರಾಯ್ರೆ, ಮನೆಯ ಟೆನ್ಶನ್’ ಎಂಬ ಉತ್ತರ ಬರುತ್ತದೆ. ಆದರೆ ಹೈ ಬಿಪಿಗೆ ವೈದ್ಯರು ಹೇಳುವ ಹೈಪರ್‌ಟೆನ್ಶನ್ ಎಂಬ ಹೆಸರಿನಲ್ಲಿರುವ ಟೆನ್ಶನ್ ಮನಸ್ಸಿನದಲ್ಲ, ರಕ್ತನಾಳದ್ದು. ರಕ್ತ ನಾಳದ ಗೋಡೆಯನ್ನು ಒತ್ತುವ ಬಲ ಅದು. ‘ಮಗಳ ಮದುವೆ ಮುಗೀತು, ಇನ್ನು ಟೆನ್ಶನ್ ಇಲ್ಲ’ ಎಂದು ಮಾತ್ರೆ ಬಿಟ್ಟವರನ್ನು ನಾನೇ ನೋಡಿದ್ದೇನೆ. ಅದು ಅಪಾಯ. ಹಾಗಂತ ಜನರ ಮಾತು ಪೂರ್ತಿ ಸುಳ್ಳೂ ಅಲ್ಲ. ಬಿಪಿ ಏರುವುದು ಉಪ್ಪಿನಿಂದ ಮಾತ್ರವೇ, ಮನಸ್ಸಿನ ಟೆನ್ಶನ್‌ನಿಂದಲೂ ಏರುತ್ತದೆಯೇ? ವೈದ್ಯರು ಕೂಡ ನೂರು ವರ್ಷದಿಂದ ಇದೇ ಪ್ರಶ್ನೆಯ ಸುತ್ತ ಓಡಾಡಿದ್ದಾರೆ.

ತೋಳಿಗೆ ಪಟ್ಟಿ ಸುತ್ತಿ ಬಿಪಿ ಅಳೆಯುವ ಸಾಧನವನ್ನು ಇಟಲಿಯ ರೀವಾ-ರೊಚ್ಚಿ ತಂದದ್ದು 1896ರಲ್ಲಿ. 1905ರಲ್ಲಿ ರಷ್ಯಾದ ಕೊರೊಟ್‌ಕಾಫ್ ಸ್ಟೆತಾಸ್ಕೋಪಿನಿಂದ ಸದ್ದು ಕೇಳುವ ಕ್ರಮ ತೋರಿಸಿದರು. ಹತ್ತು ವರ್ಷದ ಬಳಿಕ ಅಮೆರಿಕದ ವಾಲ್ಟರ್ ಕ್ಯಾನನ್, ಹೆದರಿಕೆ ಮತ್ತು ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ ಎಂದು ವಿವರಿಸಿದರು. ಅಡ್ರಿನಲಿನ್ ಎಂಬ ಹಾರ್ಮೋನು ಹರಿಯುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ. ಎದುರಿಗೆ ಹಾವು ಕಂಡಾಗ ಓಡಲು ಇದು ಬೇಕು. ಹಾವು ಹೋದ ಮೇಲೆ ಬಿಪಿ ಇಳಿಯುತ್ತದೆ. ಕಷ್ಟ ಇರುವುದು ದಿನವೂ ಎದುರಿಗೇ ಇರುವ ಚಿಂತೆಯಲ್ಲಿ.

1939ರಲ್ಲಿ ಮನೋವೈದ್ಯ ಫ್ರಾನ್ಸ್ ಅಲೆಕ್ಸಾಂಡರ್, ಸಿಟ್ಟನ್ನು ಒಳಗೇ ನುಂಗುವವರಿಗೆ ಬಿಪಿ ಬರುತ್ತದೆ ಎಂದು ವಾದಿಸಿದರು. ಕೇಳಲು ಸರಿ ಅನ್ನಿಸುತ್ತದೆ. ನನಗೆ ಮಾತ್ರ ಈ ವಾದ ಅಷ್ಟು ಹಿಡಿಸುವುದಿಲ್ಲ. ತಪ್ಪೆಲ್ಲ ರೋಗಿಯ ಸ್ವಭಾವದ್ದು ಎಂದಾಗಿಬಿಡುತ್ತದೆ, ಅಲ್ವಾ? ಮುಂದೆ ಪ್ರಶ್ನೆಯೇ ಬದಲಾಯಿತು. ಈತ ಎಂಥ ಮನುಷ್ಯ ಎಂದು ಕೇಳುವ ಬದಲು ಈತನ ಬದುಕು ಎಂಥದ್ದು ಎಂದು ಕೇಳತೊಡಗಿದರು. 1973ರಲ್ಲಿ ಅಮೆರಿಕದ ವಿಮಾನ ಸಂಚಾರ ನಿಯಂತ್ರಕರಲ್ಲಿ ಹೈ ಬಿಪಿ ಜಾಸ್ತಿ ಇರುವುದು ಗೊತ್ತಾಯಿತು. 1979ರಲ್ಲಿ ಸಂಶೋಧಕ ರಾಬರ್ಟ್ ಕರಸೆಕ್ ಒಂದು ಮುಖ್ಯ ಮಾತು ಹೇಳಿದರು. ಕೆಲಸದ ಒತ್ತಡ ಬಹಳ ಇದ್ದು, ಆ ಕೆಲಸದ ಮೇಲೆ ತನ್ನ ಹಿಡಿತ ಕಡಿಮೆ ಇದ್ದರೆ ಮನುಷ್ಯ ಹೆಚ್ಚು ಬಳಲುತ್ತಾನೆ. 1990ರಲ್ಲಿ ನ್ಯೂಯಾರ್ಕಿನಲ್ಲಿ ನೋಡಿದಾಗ ಅಂಥ ಕೆಲಸದಲ್ಲಿದ್ದ ಗಂಡಸರಲ್ಲಿ ಹೈ ಬಿಪಿ ಹೆಚ್ಚಿತ್ತು.

ಇದನ್ನು ಓದುವಾಗ ನನಗೆ ನೆನಪಾಗುವುದು ಎಣ್ಮಕಜೆಯ ಅಡಿಕೆ ಕೃಷಿಕರು. ಜೂನ್‌ನಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮಳೆ ಬಿಡುವುದಿಲ್ಲ. ಮಳೆ ಬಿಟ್ಟ ದಿನ ಮರ ಹತ್ತುವವರು ಸಿಗುವುದಿಲ್ಲ. ಕೊಯ್ಲಾದ ಮೇಲೆ ರೇಟು ಎಷ್ಟೆಂದು ಹೇಳುವವರು ಬೇರೆ ಯಾರೋ. ದುಡಿಮೆ ಪೂರ್ತಿ ತನ್ನದು, ಹಿಡಿತ ಯಾವುದರ ಮೇಲೂ ಇಲ್ಲ. ಗಡಿಯವರಿಗೆ ಇದರ ಮೇಲೆ ಇನ್ನೊಂದು ಭಾರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ದೊಡ್ಡ ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ಮಂಗಳೂರಿನದೇ ಆಗಿ ಉಳಿಯಿತು. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿ ದಾಟಲಾಗದೆ ರೋಗಿಗಳು ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ.

ಹಾಗಾದರೆ ಉಪ್ಪು? ಅದು ಖಂಡಿತ ಮುಖ್ಯ. ಆದರೆ ಇಟಲಿಯಲ್ಲಿ ಮಠದೊಳಗೇ ಇರುವ 144 ಸನ್ಯಾಸಿನಿಯರನ್ನೂ ಹೊರಗಿನ ಹೆಂಗಸರನ್ನೂ 20 ವರ್ಷ ಗಮನಿಸಿದ ಅಧ್ಯಯನವೊಂದು 1988ರಲ್ಲಿ ಬಂತು. ಎರಡೂ ಕಡೆಯವರು ತಿನ್ನುವ ಉಪ್ಪಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಹೊರಗಿನವರ ಬಿಪಿ ವಯಸ್ಸಿನೊಂದಿಗೆ ಏರಿತು. ಮಠದವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಚಿಂತೆಗೂ ಉಪ್ಪಿಗೂ ನಂಟೂ ಇದೆ. ನರಗಳು ಸದಾ ಎಚ್ಚರದಲ್ಲಿದ್ದರೆ ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿದ್ದೆ ಕೆಡುತ್ತದೆ. ಕುಡಿತ, ಬೀಡಿ ಹೆಚ್ಚುತ್ತದೆ. ನಡಿಗೆ ನಿಲ್ಲುತ್ತದೆ. ಒಂಟಿತನವೂ ಇದಕ್ಕೆ ಸೇರುತ್ತದೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ಉಳಿದ ಊರು ನಮ್ಮದು.

ಕೊನೆಗೆ ನಮ್ಮ ದೊಡ್ಡಮ್ಮನ ವಿಷಯ. ಒಂದು ಆಸ್ಪತ್ರೆಯಲ್ಲಿ ಅವರ ಬಿಪಿಯ ಮೇಲಿನ ಅಂಕಿ 172 ತೋರಿಸಿತು. ಡಾಕ್ಟರ್ ಮಲಯಾಳದಲ್ಲಿ ಬೇಗ ಬೇಗ ಕೇಳಿದರು, ಇವರಿಗೆ ಅರ್ಧವೂ ತಿಳಿಯಲಿಲ್ಲ. ಬಾಯಿ ಒಣಗಿ ಸುಮ್ನೆ ತಲೆ ಆಡಿಸಿದರು. ಆಸ್ಪತ್ರೆಯಲ್ಲಿ ಮಾತ್ರ ಏರುವ ಇಂಥ ಬಿಪಿಗೆ ‘ವೈಟ್ ಕೋಟ್’ ಬಿಪಿ ಎನ್ನುತ್ತಾರೆ. 1988ರಲ್ಲಿ ವೈದ್ಯ ಥಾಮಸ್ ಪಿಕರಿಂಗ್ ಅದರ ಬಗ್ಗೆ ಬರೆದ ಮೇಲೆ ಮನೆಯಲ್ಲೂ ಅಳೆದು ನೋಡುವುದಕ್ಕೆ ಮಹತ್ವ ಬಂತು. ಭಾಷೆಯ ಭಯ ಸೇರಿದರೆ ಅದು ಇನ್ನಷ್ಟು ಏರದೆ ಇರುತ್ತದೆಯೇ? ನಾವು ಮನೆಗೊಂದು ಮೆಷಿನ್ ತಂದೆವು. ದೊಡ್ಡಮ್ಮ ಈಗ ಬೆಳಿಗ್ಗೆ ಐದು ನಿಮಿಷ ಜಗಲಿಯಲ್ಲಿ ಕೂತು, ಆಮೇಲೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಮಾತ್ರೆ ಬಿಟ್ಟಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹೆಚ್ಚಿನ ದಿನ 136, 138 ಎಂದಿದೆ. ಅಡಿಕೆಗೆ ಮದ್ದು ಬಿಡುವವರು ಬರುತ್ತೇನೆಂದು ಬಾರದ ದಿನ 158.